ಸುಹೈಲ್ ಮೂಡುವವರೆಗೆ

ಮೇ ತಿಂಗಳ ನಡುವೆ ಮಸ್ಕತ್ತಿನ ಹೊರವಲಯದ ಬನ್ನಿ ಮರಗಳು ತುಂಬು ಹಸಿರಾಗಿರುತ್ತವೆ. ಇಲ್ಲಿನವರು ಗಾಫ್ ಎಂದು ಕರೆಯುವುದು ನಮ್ಮ ದಸರೆಯ ಬನ್ನಿಯನ್ನೇ. ಅದೇ ಸಣ್ಣ ಎಲೆ, ಅದೇ ಮುಳ್ಳು. ವಾರಗಟ್ಟಲೆ ಮಳೆಯ ಹನಿ ಬಿದ್ದಿಲ್ಲ, ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಮುಟ್ಟಿದೆ, ವಾದಿಯ, ಅಂದರೆ ಒಣಗಿದ ಹೊಳೆಪಾತ್ರದ, ಉರುಟು ಕಲ್ಲುಗಳನ್ನು ಬರಿಗೈಯಲ್ಲಿ ಹಿಡಿಯಲಾಗದು. ಒಂಟೆ, ಆಡುಗಳ ಬಾಯಿಗೆ ಎಟುಕುವ ಎತ್ತರದವರೆಗೆ ಮರ ಬೋಳು. ಅದರಿಂದ ಮೇಲೆ ಎಳೆ ಹಸಿರು. ಗುಟ್ಟಿರುವುದು ನೆಲದೊಳಗೆ. ಬನ್ನಿಯ ಸಸಿ ಮೊದಲ ವರ್ಷಗಳಲ್ಲಿ ಮೇಲಕ್ಕಿಂತ ಕೆಳಕ್ಕೇ ಹೆಚ್ಚು ಬೆಳೆಯುತ್ತದೆ. ಬಲಿತ ಮರದ ತಾಯಿಬೇರು 30 ಮೀಟರಿಗೂ ಆಳಕ್ಕೆ ಹೋಗಿ ನೀರು ಹುಡುಕಿಕೊಂಡಿರುತ್ತದೆ.

ಇಂಥ ಒಂದು ಮರಕ್ಕೆ ಸೈಕಲ್ ಒರಗಿಸಿ ಮುಧೋಳ ಕಡೆಯ ಹುಡುಗನೊಬ್ಬ ಕೇಳಿದ: "ಕಾಕಾ, ಇನ್ನ ನಾಕ್ ತಿಂಗಳ ಸೈಕಲ್ ಮೂಲ್ಯಾಗ ಇಡೂದೇನ್ರಿ?"

"ಮೂಲೆಗೆ ಬೇಡಪ್ಪ, ಮನೆಯೊಳಗೆ ಇಡು."

ಜಾತ್ರೆಯಲ್ಲೂ ಸೈಕಲ್ ಸ್ಪರ್ಧೆ ಇಡುವ ನಾಡಿನಿಂದ ಬಂದವನು. ಚಳಿಗಾಲದಲ್ಲಿ ಹಳೆಯದೊಂದು ರೋಡ್ ಬೈಕ್ ಕೊಂಡು, ಮತ್ರಾ ಕಡಲದಂಡೆಯಲ್ಲಿ ತುಳಿಯಲು ಕಲಿತ. ಅವನ ಬಳಿ ಇಂಗ್ಲಿಷ್ ಪುಸ್ತಕವೊಂದರ ತರಬೇತಿ ಯೋಜನೆ ಇತ್ತು: ನವೆಂಬರಿನಲ್ಲಿ ವಿಶ್ರಾಂತಿ, ಹಿಮ ಬೀಳುವ ಎರಡು ತಿಂಗಳು ಮನೆಯೊಳಗೆ ತಾಲೀಮು, ಏಪ್ರಿಲ್ ಹೊತ್ತಿಗೆ ರಸ್ತೆಗೆ. ಒಮಾನಿನಲ್ಲಿ ಈ ಪಂಚಾಂಗ ತಲೆಕೆಳಗು. ಇಲ್ಲಿ ರಸ್ತೆಯ ಕಾಲ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ವೃತ್ತಿಪರರ ಟೂರ್ ಆಫ್ ಒಮಾನ್ 2010ರಿಂದ ನಡೆಯುತ್ತಿರುವುದೂ ಫೆಬ್ರವರಿಯಲ್ಲಿ. ಆಫ್ ಸೀಸನ್ ಎಂದರೆ ಮೇ ಕೊನೆಯಿಂದ ಸೆಪ್ಟೆಂಬರ್. ಯುರೋಪಿನವನನ್ನು ಒಳಗೆ ಕೂರಿಸುವುದು ಹಿಮ, ನಮ್ಮನ್ನು ಕೂರಿಸುವುದು ಬಿಸಿಲು. ಆ ಪುಸ್ತಕವನ್ನು ಪಕ್ಕಕ್ಕಿಟ್ಟು, ಇಲ್ಲಿನ ಮರ, ಹಕ್ಕಿ, ಖರ್ಜೂರ, ನಕ್ಷತ್ರಗಳನ್ನು ನೋಡಿಕೊಂಡೇ ಯೋಜನೆ ಹಾಕಬಹುದು ಎಂಬುದು ನನ್ನ ವಾದ. ಇಲ್ಲಿ ತಲೆತಲಾಂತರದಿಂದ ಬೇಸಿಗೆ ಕಳೆದವರು ಅವರೇ.

ಮೇ ಕೊನೆಯ ವಾರ, ಮತ್ರಾದಿಂದ ಬುಸ್ತಾನ್ ಕಡೆಯ ರಸ್ತೆ. ಬೆಳಗಿನ ನಾಲ್ಕೂವರೆ. ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆಯಿದೆ, ಆದರೂ ರಸ್ತೆಯ ಎರಡು ಬದಿಯ ಕಪ್ಪು ಗುಡ್ಡಗಳಿಂದ ಕಾವು ಮುಖಕ್ಕೆ ಹೊಡೆಯುತ್ತದೆ. ಈ ಗುಡ್ಡಗಳು ಮೂಲತಃ ನೆಲದವಲ್ಲ. ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದೆ ಕಡಲತಳವಾಗಿದ್ದ ಶಿಲೆ, ಭೂಫಲಕಗಳ ನೂಕಾಟದಲ್ಲಿ ಅರಬಸ್ತಾನದ ಅಂಚಿನ ಮೇಲೆ ಹತ್ತಿ ಕೂತಿದೆ. ಭೂವಿಜ್ಞಾನಿಗಳು ಪ್ರಪಂಚದ ಮೂಲೆಮೂಲೆಯಿಂದ ಇದನ್ನು ನೋಡಲು ಬರುತ್ತಾರೆ. ಸೈಕಲ್ ತುಳಿಯುವವನಿಗೆ ಬೇಕಾದ ಸಂಗತಿ ಒಂದೇ: ಈ ಕಪ್ಪು ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ಕಾರುತ್ತಿರುತ್ತದೆ. ಬೇಸಿಗೆಯ ಬೆಳಗಿನ ಸವಾರಿಗೆ ಗುಡ್ಡದ ಸಂದಿಗಿಂತ ಕುರುಮ್‌ನ ಬಯಲು ಕಡಲತೀರ ಮೇಲು.

ಆದರೆ ತೀರದಲ್ಲಿ ಇನ್ನೊಂದು ತೊಡಕು. ಜೂನ್ ಹೊತ್ತಿಗೆ ಒಮಾನ್ ಕಡಲಿನ ನೀರೇ 30 ಡಿಗ್ರಿ ದಾಟಿರುತ್ತದೆ, ಗಾಳಿಯಲ್ಲಿ ಹಿಂಡಿದರೆ ಸುರಿಯುವಷ್ಟು ತೇವ. ಬೆವರು ಹರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಆರಿದರೆ ಮಾತ್ರ ತಂಪು. ನಿಜ್ವಾದಂಥ ಒಳನಾಡಿನ 42 ಡಿಗ್ರಿಯ ಒಣ ಸೆಕೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮಸ್ಕತ್ತಿನ 33 ಡಿಗ್ರಿಯ ಮುಂಜಾವಿನಲ್ಲಿ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಮೈ ಒಳಗೆ ಕಾಯುತ್ತಲೇ ಇರುತ್ತದೆ. ಥರ್ಮಾಮೀಟರ್ ನೋಡಿ "ಇವತ್ತು ಪರವಾಗಿಲ್ಲ" ಎನ್ನುವವರು ಮೋಸಹೋಗುವುದು ಇಲ್ಲೇ. ರಾತ್ರಿಯನ್ನು ನಂಬುವಂತೆಯೂ ಇಲ್ಲ. 2018ರ ಜೂನ್ ಕೊನೆಯಲ್ಲಿ ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಊರಿನಲ್ಲಿ ಇಡೀ ಒಂದು ದಿನ, ನಟ್ಟಿರುಳೂ ಸೇರಿ, ಉಷ್ಣತೆ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಪಶ್ಚಿಮದಿಂದ, ಬೆಟ್ಟ ಇಳಿದು ಬರುವ ಬಿಸಿಗಾಳಿಗೆ ಇಲ್ಲಿ ಘರ್ಬಿ ಎನ್ನುತ್ತಾರೆ. ಅದು ಬೀಸಿದ ದಿನ ಸೈಕಲ್ ಹೊರಗೆ ತೆಗೆಯಬಾರದು, ಅಷ್ಟೇ.

ಕುರುಮ್ ರಸ್ತೆಯ ದೀಪದ ಕಂಬದ ಮೇಲೆ ನೀಲಕಂಠ. ಕರ್ನಾಟಕದ ರಾಜ್ಯಪಕ್ಷಿ ಇಲ್ಲಿ ವರ್ಷವಿಡೀ ಇರುತ್ತದೆ, ಹಳೆಯ ಖರ್ಜೂರದ ಮರದ ಪೊಟರೆಯಲ್ಲಿ ಮರಿ ಮಾಡುತ್ತದೆ. ಐದರಿಂದ ಏಳರವರೆಗೆ ಅದರ ಬೇಟೆ ಜೋರು. ಎಂಟಕ್ಕೆ ಕಂಬ ಖಾಲಿ, ಹಕ್ಕಿ ಯಾವುದೋ ಬೇವಿನ ಮರದ ಒಳಗೆ. ಕಾಗೆಗಳು ಆ ಹೊತ್ತಿಗಾಗಲೇ ಕೊಕ್ಕು ತೆರೆದು ಕೂತಿರುತ್ತವೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಯಿಲ್ಲ, ಬಾಯಿ ಗಂಟಲುಗಳ ತೇವ ಆರಿಸಿಕೊಂಡೇ ಮೈ ತಣಿಸಿಕೊಳ್ಳಬೇಕು. ಹುಡುಗನಿಗೆ ನಾನು ಕೊಟ್ಟ ಮೊದಲ ನಿಯಮ ಇದರಿಂದಲೇ ಬಂದದ್ದು: ಕಾಗೆ ಬಾಯಿ ತೆರೆದಿದ್ದು ಕಂಡರೆ ಮನೆ ಕಡೆ ತಿರುಗು. ಗಡಿಯಾರಕ್ಕಿಂತ ಇದು ಖಾತ್ರಿ, ತೇವವನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ.

ಹುಲ್ಲುಹಾಸಿಗೆ ನೀರುಣಿಸುವ ಕಡೆ ಟಿಟ್ಟಿಭಗಳಿರುತ್ತವೆ. ಬಯಲಲ್ಲೇ ಮೊಟ್ಟೆಯಿಡುವ ಈ ಹಕ್ಕಿಗೆ ಬೇಸಿಗೆಯಲ್ಲಿ ಕಾವು ಕೊಡುವ ಚಿಂತೆಯಿಲ್ಲ, ಮೊಟ್ಟೆ ಬೇಯದಂತೆ ಕಾಯುವುದೇ ಕೆಲಸ. ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ, ಆರಿದ ಮೇಲೆ ಮತ್ತೆ ಹೋಗುತ್ತದೆ. ತಲೆಯ ಮೇಲೆ, ಕತ್ತಿನ ಹಿಂದೆ, ಮುಂಗೈಗೆ ನೀರು ಸುರಿದುಕೊಳ್ಳುವುದನ್ನು ಸೈಕಲಿಗರು ಇತ್ತೀಚೆಗೆ ಶಾಸ್ತ್ರವಾಗಿ ಹೇಳುತ್ತಾರೆ. ಟಿಟ್ಟಿಭದಿಂದ ಬಂದ ಎರಡನೆಯ ನಿಯಮ: ಎರಡು ಬಾಟಲಿ ಒಯ್ಯು, ಒಂದು ಕುಡಿಯಲು, ಒಂದು ಸುರಿದುಕೊಳ್ಳಲು.

ಇಷ್ಟೆಲ್ಲ ಹೇಳಿದ ಮೇಲೂ ಜೂನ್ ಮೊದಲ ಎರಡು ವಾರ ಅವನಿಗೆ ಸೈಕಲ್ಲೇ ಬೇಡ ಎಂದೆ. ಮುಖ ಸಪ್ಪಗಾಯಿತು. ಚಳಿಗಾಲವಿಡೀ ತುಳಿದ ಮೊಣಕಾಲು, ಸೊಂಟ, ಕತ್ತುಗಳಿಗೆ ಬಿಡುವು ಬೇಕು. ಸಂಜೆ ನಡಿಗೆ, ಈಜು, ನಿದ್ದೆ. ಈ ಬಿಡುವನ್ನು ನುಂಗಿ ಹಾಕುವ ಹೊಸಬರೇ ಹೆಚ್ಚು. ಜನವರಿಯಲ್ಲಿ ಮೊಣಕಾಲು ಹಿಡಿದು ಕೂರುವವರೂ ಅವರೇ. ಆಮೇಲೆ ವಾರಕ್ಕೆ ಎರಡು ದಿನ ಬಲದ ಕಸರತ್ತು: ಬಸ್ಕಿ, ಒಂದೊಂದೇ ಕಾಲಲ್ಲಿ ಮೆಟ್ಟಿಲು ಹತ್ತುವುದು, ಸೊಂಟದಿಂದ ಬಾಗಿ ಭಾರ ಎತ್ತುವುದು, ಪ್ಲ್ಯಾಂಕ್. ಮುಧೋಳದವನಿಗೆ ಬಸ್ಕಿ ಹೇಳಿಕೊಡಬೇಕಾಗಿಲ್ಲ, ಗರಡಿಮನೆಯ ಕಡೆಯವರು.

ಜೂನ್ ನಡುವಿನಿಂದ ಸೈಕಲ್ ಮನೆಯೊಳಗೆ, ನಿಂತಲ್ಲೇ ತುಳಿಯಲು ಬರುವ ಟ್ರೈನರ್ ಮೇಲೆ. ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ. ಏಸಿ ಇದ್ದರೂ ಎದುರಿಗೆ ದೊಡ್ಡ ಫ್ಯಾನ್ ಬೇಕೇ ಬೇಕು. ರಸ್ತೆಯಲ್ಲಿ ನಮ್ಮ ವೇಗವೇ ಗಾಳಿ ಕೊಡುತ್ತದೆ. ನಿಂತ ಸೈಕಲ್ಲಿಗೆ ಅದಿಲ್ಲ. ಮೈ ಕಾದಂತೆ ರಕ್ತದ ಒಂದು ಪಾಲು ಚರ್ಮದ ಕಡೆ ಹರಿಯುತ್ತದೆ, ಬೆವರಿಗೆ ನೀರು ಹೋಗಿ ರಕ್ತವೂ ಕಡಿಮೆಯಾಗುತ್ತದೆ, ಉಳಿದದ್ದರಲ್ಲಿ ಕೆಲಸ ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಮೊದಲ ಹತ್ತು ನಿಮಿಷಕ್ಕೆ 130 ಇದ್ದ ಎದೆಬಡಿತ, ಅದೇ ತುಳಿತಕ್ಕೆ ನಲವತ್ತನೆಯ ನಿಮಿಷದಲ್ಲಿ 145 ತೋರಿಸಬಹುದು. ಶಕ್ತಿ ಕುಂದಿತೆಂದು ಹೊಸಬ ಹೆದರುತ್ತಾನೆ. ಫ್ಯಾನ್ ತಿರುಗಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಎಷ್ಟು ಜೋರಾಗಿ ತುಳಿಯಬೇಕು? ಮಾತಾಡುತ್ತಾ ತುಳಿಯುವಷ್ಟು. ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲಾದರೆ ಸರಿ. ಎರಡೆರಡು ಶಬ್ದಕ್ಕೆ ತುಂಡಾದರೆ ಹೆಚ್ಚಾಯಿತು. ತರಬೇತಿಯ ಐದರಲ್ಲಿ ನಾಲ್ಕು ಪಾಲು ಹೀಗೇ ಇರಬೇಕು. ಸ್ನಾಯುಗಳೊಳಗೆ ಸಣ್ಣ ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಉರಿಸಿ ನಡೆಸುವ ಜೀವಕೋಶಗಳ ಸಾಮರ್ಥ್ಯ ಬೆಳೆಯುವುದು, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕಲು ಕಲಿಯುವುದು, ಇವೆಲ್ಲ ನಿಧಾನದ ಕೆಲಸ, ತಿಂಗಳುಗಳ ಕೆಲಸ. ಕನ್ನಡಿಯಲ್ಲಿ ಇದು ಕಾಣದು. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಷ್ಟೇ ಏರಿಕೆ, ನಾಲ್ಕನೆಯ ವಾರ ಇಳಿಕೆ.

ಶುಕ್ರವಾರ ಮಾತ್ರ ಹೊರಗೆ. ವಾರದ ರಜೆ, ರಸ್ತೆ ಖಾಲಿ. ಹಿಂದೆ ಮುಂದೆ ದೀಪ, ಹೆಲ್ಮೆಟ್, ಒಂದು ಗಂಟೆ, ಸೂರ್ಯ ಒಂದು ಮಾರು ಏರುವಷ್ಟರಲ್ಲಿ ಮನೆ. ಈ ಒಂದು ಗಂಟೆಯನ್ನು ಬಿಡಬಾರದು, ಅದಕ್ಕೆ ಕಾರಣವಿದೆ. ದಿನವೂ ಸ್ವಲ್ಪ ಸ್ವಲ್ಪ ಸೆಕೆಯಲ್ಲಿ ದುಡಿದರೆ ಒಂದೆರಡು ವಾರದಲ್ಲಿ ದೇಹ ಬದಲಾಗುತ್ತದೆ: ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಏಸಿಯಲ್ಲೇ ಕೂತರೆ ಎರಡು ಮೂರು ವಾರದಲ್ಲಿ ಅದೆಲ್ಲ ಕರಗಿಹೋಗುತ್ತದೆ. ಶುಕ್ರವಾರದ ಸವಾರಿಯೊಂದೇ ಪೂರ್ತಿ ಸಾಕಾಗದು. ಸಂಜೆಯ ನಡಿಗೆಯನ್ನೂ ಏಸಿ ಮಾಲ್‌ನಲ್ಲಿ ಮಾಡದೆ ಹೊರಗೆ ಮಾಡಬೇಕು.

ನಸುಕಿನ ಹೊತ್ತಿನಲ್ಲಿ ರಸ್ತೆಯಲ್ಲಿ ನಮ್ಮ ಜೊತೆಗಿರುವವರು ಕಟ್ಟಡ ಕೆಲಸದವರು, ಬಸ್ಸಿಗೆ ಕಾಯುತ್ತಾ ಸಾಲಾಗಿ ಕೂತಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಒಮಾನಿನಲ್ಲಿ ಕಾನೂನಿದೆ. ಉಳಿದ ಹೊತ್ತು ಅವರದು ಬಿಸಿಲಲ್ಲೇ. ಸೆಕೆಯನ್ನು ಬೇಕೆಂದೇ ಹುಡುಕಿಕೊಂಡು ಹೋಗುವ ನಮ್ಮ ಈ ಗೀಳು ಅವರ ಕಣ್ಣಿಗೆ ಹೇಗೆ ಕಾಣುತ್ತದೋ.

ಜುಲೈ ಬಂದರೆ ಇಲ್ಲಿನ ಕನ್ನಡಿಗರಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ, ಶಾಲೆಗೆ ರಜೆ. ಊರಲ್ಲಿ ಮಳೆ, ಸೈಕಲ್ ಇಲ್ಲ, ಹೋಳಿಗೆಯಿದೆ. ಹುಡುಗನೂ ಹೋಗಿಬಂದ. ತಿಂಗಳು ಕಳೆದು ವಿಮಾನ ಇಳಿದ ಮರುದಿನವೇ ಹಳೆಯ ದೂರ ತುಳಿಯಲು ಹೊರಟವನನ್ನು ತಡೆದೆ. ಊರಿನ ತಂಪಿನಲ್ಲಿ ದೇಹ ಸೆಕೆಯ ಪಾಠ ಮರೆತಿರುತ್ತದೆ. ಮತ್ತೆ ಇಪ್ಪತ್ತು ನಿಮಿಷದಿಂದ ಶುರು. ಬಿಸಿಲಲ್ಲಿ ಮೈ ಜುಮ್ಮೆಂದರೆ, ಚಳಿಯಾದಂತೆನಿಸಿದರೆ, ತಲೆ ಸಿಡಿದರೆ ಅಲ್ಲೇ ನಿಲ್ಲಿಸಿ ನೆರಳು ಸೇರಬೇಕು. ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ ತಡಮಾಡದೆ ಮೈಗೆ ನೀರು ಸುರಿಯುತ್ತಾ ಆಸ್ಪತ್ರೆ.

ಎಷ್ಟು ನೀರು ಹೋಯಿತೆಂದು ತಿಳಿಯಲು ಸುಲಭ ದಾರಿಯಿದೆ: ಹೊರಡುವ ಮೊದಲು, ಬಂದ ಮೇಲೆ ತೂಕ ನೋಡುವುದು. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್, ನಡುವೆ ಕುಡಿದದ್ದು ಬೇರೆ. ಒಂಟೆಗೆ ಈ ಲೆಕ್ಕ ಬೇಕಾಗಿಲ್ಲ. ನೀರು ಸಿಗದ ಒಂಟೆ ತನ್ನ ಮೈಯ ಬಿಸಿ ಬೆಳಗಿನ 34 ಡಿಗ್ರಿಯಿಂದ ಸಂಜೆಗೆ 40ರವರೆಗೂ ಏರಲು ಬಿಡುತ್ತದೆ, ಬೆವರಿ ನೀರು ಕಳೆಯುವ ಬದಲು ಶಾಖವನ್ನು ಹೊತ್ತುಕೊಂಡೇ ಇದ್ದು ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತದೆ. ನಮಗೆ ಆ ಸೌಲಭ್ಯವಿಲ್ಲ, ಬೆವರೊಂದೇ ಗತಿ. ಬಾಟಲಿಯಲ್ಲಿ ತುಂಬಿಸುವ ದುಬಾರಿ ಪುಡಿಗಳ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. ಒಂದು ಗಂಟೆಯ ಸವಾರಿಗೆ ನೀರು ಸಾಕು. ಬಂದ ಮೇಲೆ ಉಪ್ಪು ಹಾಕಿದ ಲಬನ್, ಅಂದರೆ ಇಲ್ಲಿನ ಮಜ್ಜಿಗೆ, ಜೊತೆಗೆ ನಾಲ್ಕು ಖರ್ಜೂರ.

ಖರ್ಜೂರದ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬೇಸಿಗೆಯ ನಿಜವಾದ ಕ್ಯಾಲೆಂಡರ್ ಅದೇ. ಫೆಬ್ರವರಿ-ಮಾರ್ಚ್‌ನಲ್ಲಿ ಗಂಡು ಹೂವಿನ ಎಸಳನ್ನು ಹೆಣ್ಣು ಗೊನೆಗೆ ಕೈಯಾರೆ ಸಿಕ್ಕಿಸಿ ಪರಾಗ ಕೊಡುತ್ತಾರೆ. ಆಗ ನಮ್ಮ ಸವಾರಿಗಳ ಉಚ್ಛ್ರಾಯ. ನಘಾಲ್ ಎಂಬ ತಳಿ ಎಲ್ಲಕ್ಕಿಂತ ಮೊದಲು, ಜೂನ್ ಹೊತ್ತಿಗೆ ಹಣ್ಣಾಗುತ್ತದೆ; ಅದು ಮಾರುಕಟ್ಟೆಗೆ ಬಂತೆಂದರೆ ರಸ್ತೆಯ ಕಾಲ ಮುಗಿಯಿತು. ಆಮೇಲೆ ಖಲಾಸ್, ಖುನೈಜಿ. ಜುಲೈಯಲ್ಲಿ ಪೂರ್ವದ ಶರ್ಕಿಯಾ ಸೀಮೆಯ ತೋಟಗಳಲ್ಲಿ ಮಬ್ಸಲಿ ತಳಿಯ ಕಾಯನ್ನು ಹಳದಿಯಿರುವಾಗಲೇ ಇಳಿಸಿ, ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಸುಡುನೆಲದ ಮೇಲೆ ದಿನಗಟ್ಟಲೆ ಒಣಹಾಕುತ್ತಾರೆ. ಇಲ್ಲಿ ಆ ಕೆಲಸಕ್ಕೆ ತಬ್ಸೀಲ್ ಎಂದು ಹೆಸರು. ಒಣಗಿದ ಮಾಲು ಬಹುಕಾಲದಿಂದ ಭಾರತಕ್ಕೆ ಹೋಗುತ್ತದೆ. ನಾಗರಪಂಚಮಿಯ ಉಂಡಿಗೆ ಹಾಕುವ ಉತ್ತತ್ತಿಯಲ್ಲಿ ಇದೂ ಇದ್ದೀತು. ಜುಲೈ ಬಿಸಿಲಿಲ್ಲದಿದ್ದರೆ ಈ ಕಾಯಿ ಒಣಗುವುದೇ ಇಲ್ಲ. ಬೇಸಿಗೆಯನ್ನು ಇಲ್ಲಿನ ತೋಟಗಾರ ಕಳೆದುಹೋಗಲಿ ಎಂದು ಕಾಯುವುದಿಲ್ಲ, ಅದಕ್ಕೆಂದೇ ಕೆಲಸ ತೆಗೆದಿಟ್ಟಿರುತ್ತಾನೆ.

ಇದೇ ಸ್ವಭಾವದ ಹಕ್ಕಿಯೊಂದಿದೆ. ಕುರುಮ್ ದಂಡೆಯಲ್ಲಿ ನಿಂತರೆ ಕಡಲೊಳಗೆ ಫಹಲ್ ದ್ವೀಪದ ಬಿಳಿಚು ಬಂಡೆ ಕಾಣುತ್ತದೆ. ಅಲ್ಲಿಯೂ ಪಶ್ಚಿಮದ ದಯ್ಮಾನಿಯಾತ್ ದ್ವೀಪಗಳಲ್ಲೂ ಮಸಿಬಣ್ಣದ ಚಾಣವೊಂದು ಗೂಡು ಮಾಡುತ್ತದೆ. ಇಂಗ್ಲಿಷಿನಲ್ಲಿ ಸೂಟಿ ಫಾಲ್ಕನ್. ಚಳಿಗಾಲ ಕಳೆಯುವುದು ದೂರದ ಮಡಗಾಸ್ಕರಿನಲ್ಲಿ. ಬಹುತೇಕ ಹಕ್ಕಿಗಳು ಮರಿ ಸಾಕಿ ಮುಗಿಸಿದ ಮೇಲೆ, ಜುಲೈಯ ಕಡುಸೆಕೆಯಲ್ಲಿ, ಇದು ಮೊಟ್ಟೆಯಿಡುತ್ತದೆ. ಮರಿ ಬೆಳೆದು ಬಾಯಿ ದೊಡ್ಡದಾಗುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ, ಏಷ್ಯಾದ ಉತ್ತರದಿಂದ ಆಫ್ರಿಕಕ್ಕೆ ವಲಸೆ ಹೊರಟ ಸಣ್ಣ ಹಕ್ಕಿಗಳು ಕಡಲ ಮೇಲೆ ದಣಿದು ಬರುತ್ತವೆ. ಊಟ ಬರುವ ದಿನವನ್ನು ಲೆಕ್ಕಹಾಕಿ ಹಿಂದಕ್ಕೆ ಎಣಿಸಿದಂತಿದೆ ಇದರ ಸಂಸಾರ. ತರಬೇತಿಯ ಯೋಜನೆಯನ್ನೂ ಹಾಗೇ ಹಾಕಬೇಕು, ಕೊನೆಯಿಂದ ಮೊದಲಿಗೆ. ನವೆಂಬರಿನಲ್ಲಿ ಗುಂಪಿನೊಡನೆ 60 ಕಿಲೋಮೀಟರ್ ಹೋಗಬೇಕೆಂದರೆ ಅಕ್ಟೋಬರಿನಲ್ಲಿ 40 ನೆಮ್ಮದಿಯಾಗಿ ಹೋಗಬೇಕು. ಅದಕ್ಕೆ ಸೆಪ್ಟೆಂಬರಿನಲ್ಲಿ ಒಂದೂವರೆ ಗಂಟೆ. ಅದಕ್ಕೆ ಆಗಸ್ಟಿನಲ್ಲಿ ವಾರಕ್ಕೆ ಮೂರು ಸಲ ಟ್ರೈನರ್, ಅದರಲ್ಲೊಮ್ಮೆ ಹತ್ತು ಹತ್ತು ನಿಮಿಷ ಎರಡು ಸಲ ಸ್ವಲ್ಪ ಬಿಗಿಯಾಗಿ.

"ಸಲಾಲಾಕ್ಕ ಹೋದ್ರ ಹೆಂಗ?" ಎಂದ ಹುಡುಗ. ಕೇಳುವುದು ಸಹಜ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗೆ ಸಲಾಲಾ ಇರುವ ದೋಫಾರ್ ಸೀಮೆಯಲ್ಲಿ ಖರೀಫ್, ಅಂದರೆ ಅಲ್ಲಿಯ ಮಳೆಗಾಲ. ಆಗುಂಬೆಯಲ್ಲಿ ಸುರಿಯುವ ಅದೇ ನೈಋತ್ಯ ಮಾರುತದ ಒಂದು ಅಂಚು ಅಲ್ಲಿಯ ಬೆಟ್ಟಕ್ಕೆ ತಗಲಿ, ಮಂಜಾಗಿ ನಿಲ್ಲುತ್ತದೆ. ಮರಗಳ ಎಲೆಗಳು ಆ ಮಂಜನ್ನು ಸೋಸಿ ಬುಡಕ್ಕೆ ಹನಿಸಿಕೊಳ್ಳುತ್ತವೆ. ಮಸ್ಕತ್ ಕುದಿಯುವಾಗ ಅಲ್ಲಿ 25 ಡಿಗ್ರಿ. ಕಣ್ಣಿಗೆ ಹಬ್ಬ. ಆದರೆ ಹೊಸಬನ ತಾಲೀಮಿಗೆ ನಾನು ಒಪ್ಪಲಾರೆ. ದಾರಿ ಸಾವಿರ ಕಿಲೋಮೀಟರ್, ಬೆಟ್ಟದ ರಸ್ತೆಯಲ್ಲಿ ಹತ್ತು ಮಾರು ಮುಂದಿನದು ಕಾಣದ ಮಂಜು, ಜಾರುವ ಟಾರು, ಕೊಲ್ಲಿಯ ಊರುಗಳಿಂದೆಲ್ಲ ಬಂದ ಕಾರುಗಳು, ಎಲ್ಲಕ್ಕಿಂತ ಮೇಲಾಗಿ ರಸ್ತೆಯ ನಡುವೆ ಮಲಗಿದ ಒಂಟೆಗಳು. ನೋಡಲು ಹೋಗು, ತುಳಿಯಲು ಬೇಡ.

ಆಗಸ್ಟಿನ ಕೊನೆಗೆ ನಸುಕಿನಲ್ಲಿ ಆಗ್ನೇಯದ ಅಂಚಿನಲ್ಲಿ ಒಂದು ಹೊಳೆವ ನಕ್ಷತ್ರ ಕಾಣಿಸಿಕೊಳ್ಳುತ್ತದೆ. ಅರಬರ ಸುಹೈಲ್, ನಮ್ಮ ಅಗಸ್ತ್ಯ. ಕೊಲ್ಲಿ ನಾಡುಗಳಲ್ಲಿ ಆಗಸ್ಟ್ 24ರ ಸುಮಾರಿಗೆ ಇದರ ಉದಯವನ್ನು ಎಣಿಸುತ್ತಾರೆ, ಅಲ್ಲಿಂದ ಸೆಕೆ ಮಣಿಯುತ್ತದೆಂದು ನಂಬುತ್ತಾರೆ. ನಕ್ಷತ್ರ ಕಂಡ ಮರುದಿನ ಮಧ್ಯಾಹ್ನ ಏನೂ ಬದಲಾಗಿರುವುದಿಲ್ಲ. ಬದಲಾಗುವುದು ರಾತ್ರಿ: ಎರಡು ಮೂರು ವಾರದಲ್ಲಿ ಮುಂಜಾವಿನ ಗಾಳಿಯಲ್ಲಿ ತೇವ ಇಳಿದಿರುತ್ತದೆ, ಕಾಗೆಯ ಬಾಯಿ ಮುಕ್ಕಾಲು ಗಂಟೆ ತಡವಾಗಿ ತೆರೆಯುತ್ತದೆ. ಅಷ್ಟು ಹೊತ್ತನ್ನು ರಸ್ತೆಗೆ ಸೇರಿಸಿಕೊಳ್ಳಬಹುದು. ಟ್ರೈನರ್ ವಾರಕ್ಕೊಮ್ಮೆಗೆ ಇಳಿಸಿ, ಕಸರತ್ತು ಒಂದು ದಿನ ಉಳಿಸಿಕೊಂಡು, ಕುರುಮ್‌ನ ಸಣ್ಣ ಏರುಗಳಲ್ಲಿ ಕೂತೇ ಹತ್ತುವ ಅಭ್ಯಾಸ. ಅಕ್ಟೋಬರಿನಲ್ಲಿ ಸಿದ್ರ್ ಮರ ಹೂಬಿಟ್ಟು ಜೇನು ಮೊರೆಯುತ್ತದೆ. ಅದು ನಮ್ಮ ಬೋರೆಯ ಹತ್ತಿರದ ಬಂಧು. ಅಮರಾತ್ ಬಳಿ ಕಸ ಸುರಿಯುವ ಜಾಗದ ಮೇಲೆ, ವರ್ಷವಿಡೀ ಇರುವ ಬಿಳಿ ರಣಹದ್ದುಗಳ ಜೊತೆಗೆ, ಮಧ್ಯ ಏಷ್ಯಾದಿಂದ ಬಂದ ಸ್ಟೆಪಿ ಹದ್ದುಗಳು ನೂರಾರು ಸಂಖ್ಯೆಯಲ್ಲಿ ಸುತ್ತತೊಡಗುತ್ತವೆ. ಹದ್ದು ಬಂತೆಂದರೆ ಆಫ್ ಸೀಸನ್ ಮುಗಿಯಿತು. ಇದೇ ತಿಂಗಳಲ್ಲಿ ಚಂಡಮಾರುತದ ಕಾಟವೂ ಉಂಟು. 2021ರ ಅಕ್ಟೋಬರ್ 3ರಂದು ಶಾಹೀನ್ ಬಂದು ಬಾತಿನಾ ಕರಾವಳಿಯನ್ನು ಮುಳುಗಿಸಿತ್ತು. ಎಷ್ಟೇ ತೆಳುವಾಗಿ ಕಂಡರೂ ಹರಿಯುವ ವಾದಿಯನ್ನು ಸೈಕಲ್ಲಿನಲ್ಲಿ ದಾಟಬಾರದು.

ಹುಡುಗನ ಕಣ್ಣು ಮೊದಲಿನಿಂದಲೂ ಜಬಲ್ ಅಖ್ದರ್ ಮೇಲೆ. ಬಿರ್ಕತ್ ಅಲ್ ಮೌಜ್ ದಾಟಿದ ಮೇಲಿನ ಆ ಏರಿನಲ್ಲಿ ಟೂರ್ ಆಫ್ ಒಮಾನಿನ ಗೆಲುವು ಸೋಲು ತೀರ್ಮಾನವಾಗುವುದು. 2013, 2014ರಲ್ಲಿ ಕ್ರಿಸ್ ಫ್ರೂಮ್ ಆ ಸ್ಪರ್ಧೆ ಗೆದ್ದದ್ದನ್ನು ಅವನು ಬಾಯಿಪಾಠ ಹೇಳುತ್ತಾನೆ. 2015ರಲ್ಲಿ ಮರಳುಗಾಳಿ, ಬಿಸಿಲು ಸೇರಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಚಕ್ರಗಳ ಕಾವಿಗೆ ಟೈರುಗಳು ಸಿಡಿದು, ಫೆಬ್ರವರಿಯಲ್ಲೇ ವೃತ್ತಿಪರರು ಸೇತುವೆಯ ನೆರಳಿಗೆ ನಿಂತು ಐದನೆಯ ಹಂತ ರದ್ದಾದದ್ದನ್ನು ನಾನು ನೆನಪಿಸಿದೆ. ಜಬಲ್ ಅಖ್ದರ್ ಏರು 5.7 ಕಿಲೋಮೀಟರ್, ಸರಾಸರಿ ಏರಿಕೆ ನೂರಕ್ಕೆ ಹತ್ತೂವರೆ. ಅಂದರೆ ಸುಮಾರು 600 ಮೀಟರ್ ಎತ್ತರ ಒಂದೇ ಉಸಿರಿಗೆ. ಮೊದಲ ಚಳಿಗಾಲಕ್ಕೆ ಕಂತಬ್ ರಸ್ತೆಯ ಏರು ಸಾಕು. ಬೌಶರ್-ಅಮರಾತ್ ಘಾಟಿ ಡಿಸೆಂಬರ್ ಆದ ಮೇಲೆ, ಅದೂ ಬ್ರೇಕ್ ಪ್ಯಾಡ್ ಬದಲಿಸಿ. ಜಬಲ್ ಅಖ್ದರ್ ಈ ವರ್ಷ ಬೇಡ. ಇನ್ನೊಂದು ಬೇಸಿಗೆ ಇಲ್ಲೇ ಕಳೆದು ಬಾ.